ಪಲ್ಪರ್ ಓಡುವ ಹೊತ್ತು: ಕಾಫಿ ಸೀಮೆಯ ಒಂದು ಹಳ್ಳ, ಪ್ರಥಮ ಪಿಯುಸಿಯ ಒಂದು ಪ್ರಾಜೆಕ್ಟ್

ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಪ್ರಥಮ ಪಿಯುಸಿ ವಿಜ್ಞಾನದ ಐವರು ವಿದ್ಯಾರ್ಥಿಗಳು ಕಾಫಿ ತೋಟದ ಬದಿಯ ಹಳ್ಳಕ್ಕೆ ಇಳಿದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್ ಇರುವ ಮನೆಗಿಂತ ಮೇಲೆ ಒಂದು ಕಡೆ, ಕೆಳಗೆ ಎರಡು ಕಡೆ ನೀರು ತುಂಬಿಕೊಂಡರು. ಬಸ್ಸು ಹಿಡಿದು ಕಾಲೇಜಿಗೆ ಬಂದು, ಮಧ್ಯಾಹ್ನ ಮೂರಕ್ಕೆ ಲ್ಯಾಬಿನಲ್ಲಿ ಕರಗಿದ ಆಮ್ಲಜನಕ ಅಳೆದರು. ಲೀಟರಿಗೆ 9.8, 9.7, 9.8 ಮಿಲಿಗ್ರಾಂ ಬಂತು. ತೋಟದ ಮೇಲೂ ಅಷ್ಟೇ, ಕೆಳಗೂ ಅಷ್ಟೇ. ಪಿಎಚ್ ಕಾಗದ ಮೂರೂ ಕಡೆ ಒಂದೇ ಬಣ್ಣ ತೋರಿಸಿತು. ಸಂಜೆಯೊಳಗೆ ವರದಿಯ ಕೊನೆಯ ಸಾಲೂ ಸಿದ್ಧವಾಯಿತು: ‘ಕಾಫಿ ಪಲ್ಪಿಂಗ್‌ನಿಂದ ಹಳ್ಳದ ನೀರಿಗೆ ಯಾವ ತೊಂದರೆಯೂ ಇಲ್ಲ.’

ಆ ಸಾಲು ನಿಲ್ಲುವುದಿಲ್ಲ. ಅಳತೆ ಮಾಡಿದ್ದು ನಿಜ, ಲೆಕ್ಕ ಹಾಕಿದ್ದೂ ಸರಿ. ತಪ್ಪಿದ್ದು ಸೀಸೆ, ದ್ರಾವಣ, ಗಂಟೆ ಮತ್ತು ಜಾಗ. ಈ ನಾಲ್ಕನ್ನು ಒಂದೊಂದಾಗಿ ಸರಿಪಡಿಸಿದಾಗ ಅದೇ ಹಳ್ಳ ಬೇರೆಯದೇ ಲೆಕ್ಕ ಕೊಟ್ಟಿತು. ಊರು, ಕಾಲೇಜು, ತೋಟದ ಹೆಸರುಗಳನ್ನು ಇಲ್ಲಿ ಬಿಟ್ಟಿದೆ. ಅಂಕಿಗಳನ್ನು ಲೆಕ್ಕದ ದಾರಿ ಕಾಣುವಂತೆ ಸರಳಗೊಳಿಸಿದೆ. ಇವನ್ನು ಯಾವುದೇ ಹಳ್ಳದ ಅಧಿಕೃತ ಅಳತೆಯೆಂದು ಎತ್ತಿಕೊಳ್ಳಬಾರದು.

ಹಳ್ಳ, ತೋಟ, ಪಠ್ಯ

ಜಾಗ ಮೂಡಿಗೆರೆ ಮತ್ತು ಸಕಲೇಶಪುರದ ನಡುವಿನ ಕಾಫಿ ಸೀಮೆ, ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರ. ಇಲ್ಲಿನ ಹಳ್ಳಗಳು ಹೇಮಾವತಿಗೆ ಸೇರುತ್ತವೆ. ಹೇಮಾವತಿ ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ ಸಕಲೇಶಪುರ ದಾಟಿ ಗೊರೂರು ಅಣೆಕಟ್ಟೆಗೆ ಹೋಗುತ್ತದೆ. ಹಳ್ಳ ಎಷ್ಟೇ ಸಣ್ಣದಾದರೂ ಕೆಳಗೆ ಆ ನೀರು ಕುಡಿಯುವವರು, ಗದ್ದೆಗೆ ಹಾಯಿಸುವವರು ಇದ್ದೇ ಇದ್ದಾರೆ.

ಅರೇಬಿಕಾ ಹಣ್ಣಿನ ಕೊಯ್ಲು ನವೆಂಬರಿನಿಂದ ಜನವರಿವರೆಗೆ, ರೋಬಸ್ಟಾ ಅದರ ಹಿಂದೆಯೇ. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದರೆ ಚೆರಿ. ಅದಕ್ಕೆ ನೀರಿನ ಖರ್ಚಿಲ್ಲ. ಪಲ್ಪರಿಗೆ ಹಾಕಿ ಸಿಪ್ಪೆ ತೆಗೆದು, ಲೋಳೆ ಕಳೆದು, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಇದರಲ್ಲಿ ಹೊರಬರುವ ನೀರಿನಲ್ಲಿ ಸಕ್ಕರೆ, ಪೆಕ್ಟಿನ್, ಸಿಪ್ಪೆಯ ಒಗರು ಎಲ್ಲವೂ ಕರಗಿರುತ್ತವೆ. ಗುಂಡಿಯಲ್ಲಿ ಒಂದು ದಿನ ನಿಂತರೆ ಹುಳಿಯಾಗಿ ಪಿಎಚ್ 4ರ ಹತ್ತಿರಕ್ಕೆ ಇಳಿಯುತ್ತದೆ, ಬಣ್ಣ ಕಪ್ಪಗಾಗುತ್ತದೆ. ಅದರ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿಒಡಿ, ಲೀಟರಿಗೆ ಸಾವಿರಾರು ಮಿಲಿಗ್ರಾಂ. ಹೊಳೆ ಹಳ್ಳಕ್ಕೆ ಬಿಡುವ ಕೊಳೆನೀರಿಗೆ ನಮ್ಮ ಸಾಮಾನ್ಯ ಮಿತಿ ಇರುವುದು 30. ಇದು ವಿಷವಲ್ಲ, ಊಟ. ತೊಂದರೆ ಇರುವುದೂ ಅಲ್ಲೇ: ಬ್ಯಾಕ್ಟೀರಿಯಾ ಈ ಊಟ ಮಾಡುತ್ತಾ ನೀರಿನಲ್ಲಿರುವ ಆಮ್ಲಜನಕವನ್ನು ಮುಗಿಸಿಬಿಡುತ್ತವೆ.

ಪಠ್ಯದ ಕಡೆಯಿಂದ ಸಿಗುವ ಸಹಾಯ ಕಡಿಮೆ. ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯದ ಹೊರೆ ಇಳಿಸಿದಾಗ 12ನೇ ತರಗತಿ ಜೀವಶಾಸ್ತ್ರದ ‘ಪರಿಸರ ಸಮಸ್ಯೆಗಳು’, 11ನೇ ತರಗತಿ ರಸಾಯನಶಾಸ್ತ್ರದ ‘ಪರಿಸರ ರಸಾಯನಶಾಸ್ತ್ರ’ ಎರಡೂ ಅಧ್ಯಾಯಗಳು ಹೋದವು. ಬಿಒಡಿಯ ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ, ಬಿಒಡಿ ಸೀಸೆಯನ್ನು ಕಂಡವರು ಮಾತ್ರ ಕಮ್ಮಿ. ಆದರೆ ಬ್ಯೂರೆಟ್ ಹಿಡಿಯಲು ಪಿಯುಸಿ ಮಕ್ಕಳಿಗೆ ಬರುತ್ತದೆ, ಈ ಕೆಲಸಕ್ಕೆ ಅಷ್ಟು ಬಂಡವಾಳ ಸಾಕು. ದ್ವಿತೀಯ ಪಿಯುಸಿಯವರಿಗೆ ಇದನ್ನು ಕೊಡಬಾರದು. ಪಲ್ಪಿಂಗ್ ಕಾಲವೂ ಅವರ ಪೂರ್ವಸಿದ್ಧತಾ ಪರೀಕ್ಷೆಯ ಕಾಲವೂ ಒಂದರ ಮೇಲೊಂದು ಬೀಳುತ್ತವೆ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಮೊದಲ ತಪ್ಪು: ಸೀಸೆ

ನೀರು ತುಂಬಿದ್ದು ಒಂದು ಲೀಟರಿನ ಕುಡಿಯುವ ನೀರಿನ ಖಾಲಿ ಬಾಟಲಿಗಳಲ್ಲಿ, ಮುಕ್ಕಾಲು ಮಟ್ಟಕ್ಕೆ. ಆಮೇಲೆ ಎರಡು ಗಂಟೆ ಘಟ್ಟದ ರಸ್ತೆ. ಗಾಳಿಯ ಐದನೇ ಒಂದು ಭಾಗ ಆಮ್ಲಜನಕ. ಕಾಲು ಬಾಟಲಿ ಗಾಳಿ, ಮುಕ್ಕಾಲು ಬಾಟಲಿ ನೀರು ಒಟ್ಟಿಗೆ ಕುಲುಕಿದರೆ ಆಮ್ಲಜನಕ ಕಡಿಮೆಯಿದ್ದ ನೀರೂ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಬಸ್ಸು ಇಳಿಯುವಾಗ ಮೂರು ಬಾಟಲಿಗಳಲ್ಲಿದ್ದುದು ಒಂದೇ ನೀರು. ಅಂಕಿಗಳು ಒಂದರ ಪಕ್ಕ ಒಂದು ಹಾಗೆ ಕೂತಿದ್ದಕ್ಕೆ ಹಳ್ಳ ಕಾರಣವಲ್ಲ, ಬಸ್ಸು ಕಾರಣ.

ಬೇಕಾದದ್ದು 300 ಮಿಲಿಲೀಟರಿನ ಗಾಜಿನ ಬಿಒಡಿ ಸೀಸೆ, ಉಜ್ಜಿದ ಗಾಜಿನ ಬಿರಡೆ ಇರುವಂಥದ್ದು. ಇಲ್ಲದಿದ್ದರೆ ಬಿಗಿಯಾದ ಗಾಜಿನ ಬಿರಡೆಯ ಯಾವುದೇ ಸೀಸೆ ನಡೆಯುತ್ತದೆ, ಆದರೆ ಅದರ ಒಟ್ಟು ಗಾತ್ರವನ್ನು ಮೊದಲೇ ಅಳೆದು ಮೈಮೇಲೆ ಬರೆದಿಡಬೇಕು. ಸೀಸೆಯನ್ನು ಹರಿವಿಗೆ ಎದುರಾಗಿ, ಓರೆಯಾಗಿ, ಪೂರ್ತಿ ಮುಳುಗಿಸಿ, ಬುಳಬುಳ ಸದ್ದು ಬರದ ಹಾಗೆ ನಿಧಾನ ತುಂಬಿಸಬೇಕು. ನೀರಿನೊಳಗೇ ಬಿರಡೆ ಹಾಕಿ, ಮೇಲೆತ್ತಿ, ತಲೆಕೆಳಗು ಮಾಡಿ ನೋಡಬೇಕು. ಸಾಸಿವೆಯಷ್ಟು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬಬೇಕು.

ಆಮೇಲೆ ದಡದಲ್ಲೇ ಆಮ್ಲಜನಕವನ್ನು ಹಿಡಿದುಹಾಕುವ ಕೆಲಸ. ಹಂಗೇರಿಯ ವಿಂಕ್ಲರ್ 1888ರಲ್ಲಿ ಕೊಟ್ಟ ವಿಧಾನ ಇವತ್ತಿಗೂ ಶಾಲೆ ಕಾಲೇಜಿಗೆ ಅದೇ ಅಗ್ಗ, ಅದೇ ನಂಬಿಕೆಯದು. 2 ಮಿಲಿ ಮ್ಯಾಂಗನೀಸ್ ಸಲ್ಫೇಟ್ ದ್ರಾವಣ, ಹಿಂದೆಯೇ 2 ಮಿಲಿ ಕ್ಷಾರೀಯ ಅಯೋಡೈಡ್ ದ್ರಾವಣ. ಪಿಪೆಟ್ಟಿನ ತುದಿ ನೀರಿನ ಮೇಲ್ಮೈಗಿಂತ ಕೆಳಗಿರಬೇಕು. ಒಂದು ದ್ರಾವಣದ ಪಿಪೆಟ್ಟನ್ನು ಇನ್ನೊಂದಕ್ಕೆ ಅದ್ದಬಾರದು, ಅದ್ದಿದರೆ ದ್ರಾವಣದ ಸೀಸೆಯೊಳಗೇ ಗಷ್ಟು ಕಟ್ಟುತ್ತದೆ. ಬಿರಡೆ ಹಾಕಿ ಹತ್ತು ಹನ್ನೆರಡು ಸಲ ತಿರುಗಾಮುರುಗಾ ಮಾಡಿದರೆ ಮೋಡದಂಥ ಗಷ್ಟು ಏಳುತ್ತದೆ. ಕಂದು ಬಣ್ಣ ಬಂದರೆ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಈ ಬಣ್ಣವನ್ನು ದಡದಲ್ಲಿಯೇ ನೋಟ್‌ಬುಕ್ಕಿಗೆ ಬರೆಯಬೇಕು. ಲ್ಯಾಬಿನ ಅಂಕಿ ಎಲ್ಲೋ ತಪ್ಪಿದರೆ ಮೊದಲ ಸಾಕ್ಷಿ ಇದೇ.

ಪ್ರಮಾಣಿತ ವಿಧಾನದ ಕ್ಷಾರದಲ್ಲಿ ಸೋಡಿಯಂ ಅಜೈಡ್ ಕೂಡ ಇರುತ್ತದೆ, ನೈಟ್ರೈಟ್ ಅಡ್ಡ ಬರದಿರಲಿ ಎಂದು. ಅದು ಕಡು ವಿಷ, ಲೋಹದ ಕೊಳವೆಗೆ ಚೆಲ್ಲುವುದೂ ಅಪಾಯ. ಚರಂಡಿ ನೀರು ಬೆರೆಯದ ಹಳ್ಳಕ್ಕೆ, ಹದಿನಾರು ವರ್ಷದ ಮಕ್ಕಳ ಕೈಗೆ, ಅಜೈಡ್ ಇಲ್ಲದ ದ್ರಾವಣವೇ ಸಾಕೆಂಬುದು ನಮ್ಮ ಅಭಿಪ್ರಾಯ. ಗಂಧಕಾಮ್ಲವನ್ನೂ ಹಳ್ಳಕ್ಕೆ ಒಯ್ಯಬಾರದು. ಗಷ್ಟು ಕಟ್ಟಿದ ಸೀಸೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬೆಳಕು ತಾಗದಂತೆ ತಂದು, ಅದೇ ದಿನ ಲ್ಯಾಬಿನಲ್ಲಿ 2 ಮಿಲಿ ಸಾಂದ್ರ ಆಮ್ಲ ಹಾಕಿದರೆ ಆಯಿತು. ಗಷ್ಟು ಕರಗಿ ಜೇನಿನ ಬಣ್ಣದ ಅಯೋಡಿನ್ ನೀರಾಗುತ್ತದೆ.

ಎರಡನೇ ತಪ್ಪು: ಹಳೇ ಹೈಪೋ

ಸೀಸೆಯ ತಪ್ಪು ಕಡಿಮೆ ಇದ್ದುದನ್ನೂ ಎಲ್ಲ ಕಡೆ ಇಲ್ಲಿನ ಗರಿಷ್ಠವಾದ 7.8 ಮಾಡೀತು. 9.8 ಹೇಗೆ ಮಾಡೀತು?

22 ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ಗಾಳಿಯಿಂದ ಹೀರಿಕೊಳ್ಳಬಲ್ಲದ್ದು ಲೀಟರಿಗೆ 8.7 ಮಿಲಿಗ್ರಾಂ. ಪುಸ್ತಕಗಳ ಕೋಷ್ಟಕ ಇಷ್ಟಕ್ಕೇ ನಿಲ್ಲುತ್ತದೆ. 950 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 89 ಮಾತ್ರ, ಆದ್ದರಿಂದ ಇಲ್ಲಿನ ಗರಿಷ್ಠ 8.7ರ ಶೇ 89, ಸುಮಾರು 7.8. ಈ ತಿದ್ದುಪಡಿಯನ್ನು ಮರೆಯಬಾರದು. ಮಾಡದಿದ್ದರೆ ಶುದ್ಧ ಹಳ್ಳವೂ ‘ಆಮ್ಲಜನಕ ಕೊರತೆ’ಯದಾಗಿ ಕಾಣುತ್ತದೆ. ನೆನಪಿಗೆ ಸಮುದ್ರಮಟ್ಟದ ನಾಲ್ಕು ಅಂಕಿ ಸಾಕು: 18 ಡಿಗ್ರಿಗೆ 9.5, 20ಕ್ಕೆ 9.1, 25ಕ್ಕೆ 8.3, 30ಕ್ಕೆ 7.6. ಪ್ರತಿಯೊಂದನ್ನೂ 0.89ರಿಂದ ಗುಣಿಸಬೇಕು.

ನೆರಳಿನ ಹಳ್ಳದ ನೀರು, ಅದೂ ಬಾಟಲಿಯಲ್ಲಿ ಕುಲುಕಿದ್ದು, 7.8ನ್ನು ದಾಟಿ 9.8ಕ್ಕೆ ಹೋಗುವಂತಿಲ್ಲ. ಅಂದರೆ ದೋಷ ಬ್ಯೂರೆಟ್ಟಿನಲ್ಲಿತ್ತು. ಬ್ಯೂರೆಟ್ಟಿನಲ್ಲಿದ್ದದ್ದು ಹಿಂದಿನ ವರ್ಷ ಯಾರೋ ಮಾಡಿಟ್ಟ ಸೋಡಿಯಂ ಥಯೋಸಲ್ಫೇಟ್, ಲ್ಯಾಬಿನ ಮಾತಿನಲ್ಲಿ ಹೈಪೋ. ಅಯೋಡಿನ್ನಿನ ಬಣ್ಣ ಹೋಗುವವರೆಗೆ ಇದನ್ನು ಬಿಡಬೇಕು, ಎಷ್ಟು ಹೋಯಿತೋ ಅದರಿಂದ ಆಮ್ಲಜನಕದ ಲೆಕ್ಕ. ಸೀಸೆಯ ಚೀಟಿಯಲ್ಲಿ ದ್ರಾವಣದ ಶಕ್ತಿ 0.025 ನಾರ್ಮಲ್ ಎಂದಿತ್ತು. ಹೈಪೋ ನಿಂತಲ್ಲೇ ಸಡಿಲವಾಗುತ್ತದೆ. ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತವೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಅದನ್ನು ಒಡೆಯುತ್ತದೆ. ಶಕ್ತಿ ಕುಂದಿದ ದ್ರಾವಣ ಹೆಚ್ಚು ಸುರಿಯಬೇಕಾಗುತ್ತದೆ, ಅಂಕಿ ಉಬ್ಬುತ್ತದೆ.

ಪರಿಹಾರ ಅರ್ಧ ಗಂಟೆಯ ಕೆಲಸ. ಒಣಗಿಸಿದ ಪೊಟ್ಯಾಸಿಯಂ ಅಯೋಡೇಟ್ 0.892 ಗ್ರಾಂ ತೂಗಿ ಒಂದು ಲೀಟರಿಗೆ ಕರಗಿಸಿದರೆ 0.025 ನಾರ್ಮಲ್. ಡೈಕ್ರೋಮೇಟ್ ಕೂಡ ಇದಕ್ಕೆ ರೂಢಿಯಲ್ಲಿದೆ, ಆದರೆ ಅದು ಕ್ಯಾನ್ಸರ್‌ಕಾರಕ, ಬೇರೆ ದಾರಿ ಇರುವಾಗ ಮಕ್ಕಳಿಗೆ ಬೇಡ. ಅಯೋಡೇಟಿನ 20 ಮಿಲಿಗೆ ಸುಮಾರು 2 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, ಸ್ವಲ್ಪ ದುರ್ಬಲ ಗಂಧಕಾಮ್ಲ, ನೂರು ಮಿಲಿಯಷ್ಟು ಬಟ್ಟಿ ಇಳಿಸಿದ ನೀರು ಹಾಕಿ ಹೈಪೋ ಬಿಡಬೇಕು. ದ್ರಾವಣ ಸರಿಯಿದ್ದರೆ 20 ಮಿಲಿಗೆ ಮುಗಿಯಬೇಕು. ಇಲ್ಲಿ 25 ಮಿಲಿ ಹೋಯಿತು. ಅಂದರೆ ನಿಜವಾದ ಶಕ್ತಿ 0.025 ಅಲ್ಲ, 0.020. ಮೊದಲ ದಿನದ 9.8ನ್ನು 0.8ರಿಂದ ಗುಣಿಸಿದರೆ 7.8. ಬಸ್ಸಿನಲ್ಲಿ ಕುಲುಕಿ ಗಾಳಿ ತುಂಬಿದ ನೀರು ಎಷ್ಟು ತೋರಿಸಬೇಕೋ ಕರಾರುವಾಕ್ಕಾಗಿ ಅಷ್ಟೇ. ಎರಡು ತಪ್ಪೂ ಒಂದೇ ಗುಣಾಕಾರದಲ್ಲಿ ಬಯಲಾದವು.

ಹೊಸ ಹೈಪೋಗೆ ಹರಳು 6.205 ಗ್ರಾಂ ಒಂದು ಲೀಟರಿಗೆ. ಕುದಿಸಿ ಆರಿಸಿದ ನೀರು, ಕಂದು ಸೀಸೆ, ಚಿಟಿಕೆ ಸೋಡಿಯಂ ಹೈಡ್ರಾಕ್ಸೈಡ್. ಹಾಗಿದ್ದರೂ ಪ್ರತಿ ಪ್ರಯೋಗದ ದಿನ ಅಯೋಡೇಟಿನೊಂದಿಗೆ ತಾಳೆ ನೋಡಬೇಕು.

ಟೈಟ್ರೇಷನ್ನಿಗೆ ಸೀಸೆಯಿಂದ ತೆಗೆಯುವುದು 203 ಮಿಲಿ. 4 ಮಿಲಿ ದ್ರಾವಣ ಒಳಗೆ ಹೋದಾಗ ಅಷ್ಟೇ ನೀರು ಹೊರಚೆಲ್ಲಿರುತ್ತದೆ, ಆದ್ದರಿಂದ 203ರಲ್ಲಿ ಹಳ್ಳದ ನೀರು 200. ಆಗ 0.025 ನಾರ್ಮಲ್ ಹೈಪೋದ ಒಂದು ಮಿಲಿಗೆ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕ, ಬೇರೆ ಲೆಕ್ಕವೇ ಬೇಡ. ಹಳದಿ ಬಣ್ಣ ಒಣಹುಲ್ಲಿನಷ್ಟು ತೆಳುವಾದ ಮೇಲೆ ಪಿಷ್ಟ ಹಾಕಬೇಕು. ಮೊದಲೇ ಹಾಕಿದರೆ ಅಯೋಡಿನ್ ಪಿಷ್ಟಕ್ಕೆ ಕಚ್ಚಿಕೊಂಡು ನೀಲಿ ಬಿಡುವುದು ತಡವಾಗುತ್ತದೆ. ನೀಲಿ ಒಮ್ಮೆ ಮಾಯವಾದದ್ದೇ ಕೊನೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೀಲಿ ಬಂದರೆ ಅದರ ಹಿಂದೆ ಹೋಗಬಾರದು.

ಗುಂಡಿಯ ಪಲ್ಪರ್ ನೀರಿಗೆ ಈ ವಿಧಾನ ಹಾಕಿ ನೋಡುವ ಆಸೆ ಎಲ್ಲ ತಂಡಕ್ಕೂ ಬರುತ್ತದೆ. ಬೇಡ. ಆ ನೀರಿನ ಒಗರು ಪದಾರ್ಥಗಳೇ ಅಯೋಡಿನ್ನನ್ನು ನುಂಗುತ್ತವೆ, ಕಪ್ಪು ಬಣ್ಣದಲ್ಲಿ ಕೊನೆಯೂ ಕಾಣುವುದಿಲ್ಲ.

ಹುಳಗಳು ಕೊಟ್ಟ ಸುಳಿವು

ಎರಡನೇ ಭಾನುವಾರ ಸರಿಯಾದ ಸೀಸೆ, ಸರಿಯಾದ ಹೈಪೋ. ನೀರು 20 ಡಿಗ್ರಿ, ಇಲ್ಲಿನ ಗರಿಷ್ಠ 8.1. ಮೇಲಿನ ಜಾಗದಲ್ಲಿ 8.0, ತೋಟದ ಕೆಳಗೆ 50 ಮೀಟರಿನಲ್ಲಿ 7.9, ಇನ್ನೂ ಕೆಳಗಿನ ಮಡುವಿನಲ್ಲಿ 7.5. ಮತ್ತೆ ‘ತೊಂದರೆ ಇಲ್ಲ’ ಎಂದೇ ಬರೆಯಬೇಕಾಗಿತ್ತು. ಬರೆಯದಂತೆ ತಡೆದದ್ದು ಅದೇ ದಿನ ಹಿಡಿದ ಹುಳಗಳು.

ವಿಧಾನ ಸುಲಭ. ನೀರು ಕಲ್ಲಿಗೆ ಬಡಿದು ಹರಿಯುವ ಜಾಗದಲ್ಲಿ ಬಲೆಯನ್ನು ಹರಿವಿನ ಕೆಳಗೆ ಹಿಡಿದು, ಅದರ ಮುಂದೆ ಗಮ್‌ಬೂಟಿನ ಕಾಲಿನಿಂದ ತಳವನ್ನು ಮೂರು ನಿಮಿಷ ಕೆದಕುವುದು. ಬಲೆಗೆ ಬಿದ್ದದ್ದನ್ನು ಬಿಳಿ ಟ್ರೇಗೆ ಸುರಿದು, ವಿಂಗಡಿಸಿ, ಎಣಿಸಿ, ಅಲ್ಲೇ ವಾಪಸು ಬಿಡುವುದು. ಸೊಳ್ಳೆಪರದೆ ಬಟ್ಟೆಯ ಬಲೆಯಾದರೆ ತೀರಾ ಸಣ್ಣವು ನುಸುಳಿಹೋಗುತ್ತವೆ. ಎರಡೂ ಜಾಗಕ್ಕೆ ಅದೇ ಬಲೆ, ಅದೇ ಮೂರು ನಿಮಿಷ, ಅದೇ ಕಾಲು ಆದರೆ ಹೋಲಿಕೆಗೆ ಅಡ್ಡಿಯಿಲ್ಲ. ಎರಡೂ ಜಾಗ ಒಂದೇ ತರಹ ಇರಬೇಕು: ಅಷ್ಟೇ ಕಲ್ಲು, ಅಷ್ಟೇ ಆಳ, ಅಷ್ಟೇ ಮರದ ನೆರಳು. ಮಡುವಿನ ಕೆಸರನ್ನು ಹರಿವಿನ ಕಲ್ಲಿನ ಜೊತೆ ಹೋಲಿಸಿದರೆ ಸಿಗುವ ವ್ಯತ್ಯಾಸಕ್ಕೂ ಮಾಲಿನ್ಯಕ್ಕೂ ಸಂಬಂಧ ಇರುವುದಿಲ್ಲ. ಅದಕ್ಕೇ ಹುಳದ ಎಣಿಕೆಯನ್ನು ಮೇಲಿನ ಜಾಗ ಮತ್ತು 50 ಮೀಟರ್ ಕೆಳಗಿನ ಜಾಗ, ಈ ಎರಡಕ್ಕೇ ನಿಲ್ಲಿಸಿದರು.

ಗುರುತಿಸುವಾಗ ಎಡವುವುದು ಸ್ಟೋನ್‌ಫ್ಲೈ ಮತ್ತು ಮೇಫ್ಲೈ ಎಂಬ ಕೀಟಗಳ ನೀರಿನಲ್ಲಿ ಬೆಳೆಯುವ ಮರಿಗಳ ನಡುವೆ. ‘ಎರಡು ಬಾಲ ಇದ್ದರೆ ಸ್ಟೋನ್‌ಫ್ಲೈ, ಮೂರಿದ್ದರೆ ಮೇಫ್ಲೈ’ ಎಂದು ಕಲಿಸುವುದುಂಟು. ಎರಡೇ ಬಾಲದ ಮೇಫ್ಲೈಗಳೂ ಇವೆ, ಎಳೆದಾಡುವಾಗ ಬಾಲ ಮುರಿಯುವುದೂ ಇದೆ. ಲೆನ್ಸ್ ಹಿಡಿದು ಕಾಲಿನ ತುದಿ ನೋಡಬೇಕು. ಒಂದೊಂದು ಕಾಲಿಗೆ ಎರಡು ಉಗುರು ಇದ್ದರೆ ಸ್ಟೋನ್‌ಫ್ಲೈ, ಒಂದೇ ಇದ್ದರೆ ಮೇಫ್ಲೈ. ಮೇಫ್ಲೈಗೆ ಹೊಟ್ಟೆಯ ಎರಡೂ ಬದಿಯಲ್ಲಿ ಎಲೆಯಂಥ ಕಿವಿರುಗಳೂ ಇರುತ್ತವೆ.

ಮೇಲಿನ ಜಾಗದಲ್ಲಿ ಏಳು ಕುಟುಂಬಗಳು ಸಿಕ್ಕವು: ಪರ್ಲಿಡೇ ಎಂಬ ಸ್ಟೋನ್‌ಫ್ಲೈ, ಹೆಪ್ಟಜೆನಿಡೇ ಎಂಬ ಚಪ್ಪಟೆ ಮೇಫ್ಲೈ, ಗೊಂಫಿಡೇ ಎಂಬ ಏರೋಪ್ಲೇನ್ ಚಿಟ್ಟೆಯ ಮರಿ, ಬಲೆ ನೇಯುವ ಹೈಡ್ರಾಪ್ಸೈಕಿಡೇ, ಎಲ್ಮಿಡೇ ಜೀರುಂಡೆ, ಬೇಟಿಡೇ ಮೇಫ್ಲೈ, ಕೈರೊನೊಮಿಡೇ ಹುಳ. ಮಾಲಿನ್ಯ ತಾಳದ ಹುಳಕ್ಕೆ ಹೆಚ್ಚು, ತಾಳುವುದಕ್ಕೆ ಕಡಿಮೆ ಅಂಕ ಕೊಡುವ ಬ್ರಿಟನ್ನಿನ ಬಿಎಂಡಬ್ಲ್ಯುಪಿ ಪದ್ಧತಿಯಲ್ಲಿ ಇವಕ್ಕೆ ಕ್ರಮವಾಗಿ 10, 10, 8, 5, 5, 4, 2 ಅಂಕ. ಒಟ್ಟು 44, ಸರಾಸರಿ 6.3. ಕೆಳಗಿನ ಜಾಗದಲ್ಲಿ ನಾಲ್ಕೇ: ಹೈಡ್ರಾಪ್ಸೈಕಿಡೇ 5, ಬೇಟಿಡೇ 4, ಕೈರೊನೊಮಿಡೇ 2, ಕೆಸರಿನ ಎರೆಹುಳದ ಜಾತಿಗೆ 1. ಒಟ್ಟು 12, ಸರಾಸರಿ 3. ಬೇರೆ ದೇಶದ ಹಳ್ಳಕ್ಕೆ ಮಾಡಿದ ಅಂಕಪಟ್ಟಿ ನಮ್ಮ ಮಲೆನಾಡಿಗೆ ಪೂರ್ತಿ ಹೊಂದುವುದಿಲ್ಲ, ‘ಈ ಹಳ್ಳಕ್ಕೆ ಇಂಥ ದರ್ಜೆ’ ಎಂದು ಹೇಳಲು ಬಳಸಬಾರದು. ಒಂದೇ ಹಳ್ಳದ ಎರಡು ಜಾಗವನ್ನು ಒಂದರ ಎದುರು ಒಂದು ಇಡಲು ಸಾಕು.

ಕೆಳಗೆ ಸಿಕ್ಕ ಕೈರೊನೊಮಿಡೇ ಹುಳಗಳು ಕೆಂಪಗಿದ್ದವು. ಆ ಕೆಂಪು ಹಿಮೋಗ್ಲೋಬಿನ್. ಆಮ್ಲಜನಕ ತೀರಾ ಕಡಿಮೆಯಿದ್ದಾಗಲೂ ಅದನ್ನು ಹಿಡಿದಿಟ್ಟುಕೊಂಡು ಬದುಕುತ್ತವೆ. ಕಲ್ಲುಗಳ ಮೇಲೆ ಬೂದುಬಣ್ಣದ ಲೋಳೆ ಹಾಸಿಕೊಂಡಿತ್ತು.

ಸೀಸೆ ಹೇಳುವುದು ಆ ನಿಮಿಷದ ಮಾತು. ಹುಳ ಹೇಳುವುದು ಕಳೆದ ತಿಂಗಳುಗಳ ಮಾತು. ಹಗಲು ಹನ್ನೊಂದಕ್ಕೆ ಆಮ್ಲಜನಕ 7.9 ಇದ್ದ ಜಾಗದಲ್ಲಿ ಸ್ಟೋನ್‌ಫ್ಲೈ ಯಾಕಿಲ್ಲ? ಹನ್ನೊಂದು ಗಂಟೆಯಲ್ಲದ ಬೇರೆ ಯಾವುದೋ ಹೊತ್ತಿನಲ್ಲಿ ಅಲ್ಲಿ ಏನೋ ಆಗುತ್ತಿರಬೇಕು.

ಗಂಟೆ ಮತ್ತು ಜಾಗ

ಉತ್ತರ ಕೊಟ್ಟದ್ದು ತೋಟದ ಲೆಕ್ಕ ಬರೆಯುವ ರೈಟರ್. ಅನುಮತಿಗೆ ಹೋದ ವಿದ್ಯಾರ್ಥಿ ‘ಸಾರ್, ಪಲ್ಪರ್ ಎಷ್ಟೊತ್ತಿಗೆ ಓಡುತ್ತೆ?’ ಎಂದು ಕೇಳಿದ. ‘ಭಾನುವಾರ ಬೆಳಿಗ್ಗೆ ಬಂದ್ರೆ ನಿಂಗೇನು ಸಿಗುತ್ತೆ ಮಾರಾಯ? ಕೆಲಸದ ದಿನ ಹಣ್ಣು ಅಳೆಯೋದೇ ಸಂಜೆ ಐದಕ್ಕೆ. ಆಮೇಲೆ ಪಲ್ಪರ್. ಒಂದೊಂದು ದಿನ ಹತ್ತಾಗುತ್ತೆ.’ ಎರಡು ವಾರದ ಓಡಾಟದ ಮೊದಲೇ ಕೇಳಬಹುದಾಗಿದ್ದ ಪ್ರಶ್ನೆ.

ರಾತ್ರಿ ಹತ್ತಕ್ಕೆ ಮಕ್ಕಳನ್ನು ಹಳ್ಳಕ್ಕೆ ಇಳಿಸುವಂತಿಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಎಲ್ಲವೂ ತೋಟದೊಳಗೆ ಆನೆ ತಿರುಗುವ ಸೀಮೆ. ಹಗಲು ಹೋಗುವಾಗಲೂ ಬೆಳಿಗ್ಗೆ ತೋಟದವರನ್ನು ಕೇಳಿಯೇ ಹೊರಡಬೇಕು. ಹಾಗಾದರೆ ರಾತ್ರಿ ಬಿಟ್ಟ ನೀರನ್ನು ಬೆಳಿಗ್ಗೆ ಹಿಡಿಯುವುದು ಎಲ್ಲಿ? ಇದಕ್ಕೆ ಹರಿವಿನ ಲೆಕ್ಕ ಬೇಕಾಯಿತು.

ಹತ್ತು ಮೀಟರ್ ನೇರ ಹರಿವು ಗುರುತು ಮಾಡಿ ಒಂದು ಕಿತ್ತಳೆ ಹಣ್ಣು ತೇಲಿಬಿಟ್ಟರು. ಕಿತ್ತಳೆ ಅರ್ಧಕ್ಕಿಂತ ಹೆಚ್ಚು ಮುಳುಗಿ ತೇಲುವುದರಿಂದ ಗಾಳಿಗೆ ಸರಿಯುವುದಿಲ್ಲ. ಐದು ಸಲದ ಸರಾಸರಿ 85 ಸೆಕೆಂಡು, ಮೇಲ್ಮೈ ವೇಗ ಸೆಕೆಂಡಿಗೆ 0.118 ಮೀಟರ್. ತಳದ ನೀರು ನಿಧಾನ, ಅದಕ್ಕೆ 0.85ರಿಂದ ಗುಣಿಸಿ 0.10. ಅಗಲ 1 ಮೀಟರ್, ಸರಾಸರಿ ಆಳ 10 ಸೆಂಟಿಮೀಟರ್. ಹರಿವು ಸೆಕೆಂಡಿಗೆ 10 ಲೀಟರ್. ಮಳೆಗಾಲದಲ್ಲಿ ದಾಟಲಾಗದ ಹಳ್ಳ ಜನವರಿಯಲ್ಲಿ ಇಷ್ಟೇ. ಪಲ್ಪಿಂಗ್ ಬರುವುದೂ ನೀರು ಹೀಗೆ ಬತ್ತಿದ ಕಾಲಕ್ಕೇ.

ತೋಟದಿಂದ 600 ಮೀಟರ್ ಕೆಳಗೆ ಗದ್ದೆಗೆ ನೀರು ತಿರುಗಿಸಲು ಹಾಕಿದ ಒಡ್ಡು, ಅದರ ಹಿಂದೆ 40 ಮೀಟರ್ ಉದ್ದ, 5 ಮೀಟರ್ ಅಗಲ, 0.8 ಮೀಟರ್ ಆಳದ ಮಡು. ಗಾತ್ರ 1,60,000 ಲೀಟರ್. ಸೆಕೆಂಡಿಗೆ 10 ಲೀಟರ್ ಬಂದರೆ ಒಮ್ಮೆ ನೀರು ಬದಲಾಗಲು ಸುಮಾರು ನಾಲ್ಕೂವರೆ ಗಂಟೆ. ರಾತ್ರಿ ಹತ್ತರ ನೀರು 600 ಮೀಟರ್ ಬರಲು ಒಂದು ಗಂಟೆ ನಲವತ್ತು ನಿಮಿಷ, ಆಮೇಲೆ ಮಡುವಿನಲ್ಲಿ ಕಲೆತು ನಿಲ್ಲುತ್ತದೆ. ಬೆಳಗಿನ ಏಳಕ್ಕೂ ಅದರ ಪಾಲು ಅಲ್ಲಿ ಉಳಿದಿರಲೇಬೇಕು. ತಳದಲ್ಲಿ ಕೂತ ಸಿಪ್ಪೆ ಕೆಸರೂ ಆಮ್ಲಜನಕ ಎಳೆಯುತ್ತಿರುತ್ತದೆ, ರಾತ್ರಿಯಿಡೀ ಪಾಚಿಯಿಂದ ಹೊಸ ಆಮ್ಲಜನಕವೂ ಇಲ್ಲ.

ಕೊಳೆ ಸೇರುವ ಜಾಗದಲ್ಲಿಯೇ ಆಮ್ಲಜನಕ ಅತಿ ಕಡಿಮೆ ಇರುತ್ತದೆಂಬುದು ವಿದ್ಯಾರ್ಥಿಗಳ ಸಾಮಾನ್ಯ ಊಹೆ. ಹಾಗಲ್ಲ. ಊಟ ಬಡಿಸಿದ ಕೂಡಲೇ ಎಲೆ ಖಾಲಿಯಾಗುವುದಿಲ್ಲ. ಬ್ಯಾಕ್ಟೀರಿಯಾ ತಿನ್ನಲು ಹೊತ್ತು ಬೇಕು, ಅಷ್ಟರಲ್ಲಿ ನೀರು ಕೆಳಗೆ ಸರಿದಿರುತ್ತದೆ. ಅಮೆರಿಕದ ಒಹಾಯೊ ನದಿಯ ಮೇಲೆ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಈ ಇಳಿಕೆಯ ವಕ್ರರೇಖೆಯನ್ನು ಲೆಕ್ಕಕ್ಕೆ ತಂದದ್ದು 1925ರಲ್ಲಿ. ಕಲ್ಲಿಗೆ ಬಡಿದು ಹರಿಯುವಲ್ಲಿ ನೀರು ಕಳೆದುಕೊಂಡದ್ದನ್ನು ಗಾಳಿಯಿಂದ ಮತ್ತೆ ಪಡೆಯುತ್ತದೆ. ಹಾಗಾಗಿ 50 ಮೀಟರಿನ ಜಾಗ ಹುಳಕ್ಕೆ ಸರಿ, ಸೀಸೆಗೆ ಮಡುವೇ ಸರಿ.

ಮೂರನೇ ಭೇಟಿ, ಬುಧವಾರ ಬೆಳಿಗ್ಗೆ ಏಳು. ನೀರು 18 ಡಿಗ್ರಿ, ಇಲ್ಲಿನ ಗರಿಷ್ಠ 8.4. ಮೇಲೆ 7.6, 50 ಮೀಟರ್ ಕೆಳಗೆ 6.9, ಮಡುವಿನಲ್ಲಿ 4.3. ಪಿಎಚ್ ಪೆನ್ನನ್ನು 4 ಮತ್ತು 7ರ ಬಫರಿಗೆ ಹೊಂದಿಸಿಕೊಂಡು ನೋಡಿದರೆ ಮೇಲೆ 7.0, ಮಡುವಿನಲ್ಲಿ 6.1. ಇಲ್ಲಿನದು ಮೆದುನೀರು, ಆಮ್ಲವನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಪಿಎಚ್ ಕಾಗದ ಇಂಥ ನೀರಿನಲ್ಲಿ ಅರ್ಧ ಅಂಕ ಅತ್ತಿತ್ತ ಹೇಳುವುದು ಸಾಮಾನ್ಯ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಸ್ನಾನಕ್ಕೆ ಕನಿಷ್ಠ 5 ಬೇಕು, ಮೀನು ಮತ್ತು ವನ್ಯಜೀವಿಗೆ ಕನಿಷ್ಠ 4. 4.3 ಈ ಎರಡರ ನಡುವೆ ಕೂತಿದೆ.

ಬಿಒಡಿ, ಅಕ್ವೇರಿಯಂ ಹೀಟರಿನಿಂದ

ನಮ್ಮಲ್ಲಿ ಬಿಒಡಿ ಅಂದರೆ 27 ಡಿಗ್ರಿಯಲ್ಲಿ ಮೂರು ದಿನ. ಹಳೇ ಪುಸ್ತಕದ 20 ಡಿಗ್ರಿ, ಐದು ದಿನ ಅಲ್ಲ. ಜನವರಿಯ ರಾತ್ರಿ ಲ್ಯಾಬಿನ ಕಪಾಟು ಇಪ್ಪತ್ತಕ್ಕಿಂತ ಕೆಳಗಿಳಿಯುತ್ತದೆ, ಇನ್‌ಕ್ಯುಬೇಟರ್ ಇಲ್ಲ. ಮೀನಿನ ಅಂಗಡಿಯ ಥರ್ಮೋಕೋಲ್ ಪೆಟ್ಟಿಗೆಯೊಳಗೆ ನೀರಿನ ಬಕೆಟ್, ಅದರಲ್ಲಿ 27ಕ್ಕೆ ತಿರುಗಿಸಿದ ಅಕ್ವೇರಿಯಂ ಹೀಟರ್, ಸುತ್ತ ಕತ್ತಿನವರೆಗೆ ಮುಳುಗಿದ ಸೀಸೆಗಳು, ಮೇಲೆ ಮುಚ್ಚಳ. ಕತ್ತಲೆಯೂ ಆಯಿತು. ಒಳಗೆ ಕೈ ಹಾಕುವ ಮೊದಲು ಪ್ಲಗ್ ತೆಗೆಯಬೇಕು, ಹೀಟರ್ ನೀರಿನಿಂದ ಹೊರಗೆ ಬರಬಾರದು. ಬಕೆಟ್ಟಿನ ಥರ್ಮಾಮೀಟರನ್ನು ಬೆಳಿಗ್ಗೆ ಸಂಜೆ ಬರೆಯಬೇಕು. ಕರೆಂಟು ಹೋದ ಗಂಟೆಗಳನ್ನೂ ಬರೆಯಬೇಕು, ಮಲೆನಾಡಿನಲ್ಲಿ ಅದು ಅಳತೆಯ ಒಂದು ಭಾಗವೇ.

ಎಷ್ಟು ತೆಳು ಮಾಡಬೇಕೆಂಬುದಕ್ಕೆ ಮೊದಲು ಅಂದಾಜು. ಗುಂಡಿಯಿಂದ ನಾಲ್ಕು ಗಂಟೆಯಲ್ಲಿ 2,000 ಲೀಟರ್ ಉಕ್ಕಿ ಹೋದರೆ ಸೆಕೆಂಡಿಗೆ 0.14 ಲೀಟರ್. ಅದರ ಬಿಒಡಿ 3,000 ಎಂದಿಟ್ಟುಕೊಂಡು ಸೆಕೆಂಡಿಗೆ 10 ಲೀಟರ್ ಹಳ್ಳಕ್ಕೆ ಬೆರೆಸಿದರೆ ಸುಮಾರು 42. ಒಂದು ಹನಿ ಅನಿಸುವ ನೀರು ಇಡೀ ಹಳ್ಳವನ್ನು 30ರ ಮಿತಿಯ ಆಚೆ ಒಯ್ಯುತ್ತದೆ. 42 ಬೇಡುವ ನೀರಿನಲ್ಲಿ ಇರುವ ಆಮ್ಲಜನಕ ಏಳೆಂಟು ಮಾತ್ರ, ಮೊದಲ ದಿನವೇ ಸೊನ್ನೆಯಾಗಿ ಪ್ರಯೋಗ ಕೆಡುತ್ತದೆ. ಅದಕ್ಕೆ ಹತ್ತರಲ್ಲಿ ಒಂದು ಪಾಲು: 300 ಮಿಲಿ ಸೀಸೆಗೆ ಮಡುವಿನ ನೀರು 30 ಮಿಲಿ, ಉಳಿದದ್ದು ಗಾಳಿ ಊದಿದ ತೆಳುನೀರು. ತೆಳುನೀರೆಂದರೆ ಬಟ್ಟಿ ಇಳಿಸಿದ ನೀರಿಗೆ ಲೀಟರಿಗೆ ಒಂದೊಂದು ಮಿಲಿ ಫಾಸ್ಫೇಟ್ ಬಫರ್, ಮೆಗ್ನೀಸಿಯಂ ಸಲ್ಫೇಟ್, ಕ್ಯಾಲ್ಸಿಯಂ ಕ್ಲೋರೈಡ್, ಫೆರಿಕ್ ಕ್ಲೋರೈಡ್ ದ್ರಾವಣಗಳು.

ಮೊದಲ ದಿನ 7.1, ಮೂರು ದಿನದ ಮೇಲೆ 4.9. ಇಳಿದದ್ದು 2.2, ಹತ್ತರಿಂದ ಗುಣಿಸಿ 22. ಇಳಿಕೆ ಕನಿಷ್ಠ 2 ಇರಬೇಕು, ಉಳಿದದ್ದು ಕನಿಷ್ಠ 1 ಇರಬೇಕು. ಎರಡೂ ಇದ್ದವು, ಅಂಕಿ ನಿಲ್ಲುತ್ತದೆ. ಮೇಲಿನ ನೀರನ್ನು ತೆಳು ಮಾಡದೆ ಇಟ್ಟಾಗ ಇಳಿದದ್ದು 1.3. ಅದನ್ನು 1.3 ಎಂದು ಬರೆಯದೆ ‘2ಕ್ಕಿಂತ ಕಡಿಮೆ’ ಎಂದು ಬರೆದರು. ಬರೀ ತೆಳುನೀರಿನ ಸೀಸೆಯಲ್ಲಿ ಇಳಿಕೆ 0.2 ದಾಟಿದ್ದರೆ ಆ ದಿನದ ಎಲ್ಲ ಲೆಕ್ಕವನ್ನೂ ಬಿಡಬೇಕಿತ್ತು.

ವರದಿಯ ಹೆಸರು

ಮೊದಲ ಕರಡಿನಲ್ಲಿ ತೋಟದ ಹೆಸರು ಶೀರ್ಷಿಕೆಯಲ್ಲೇ ಇತ್ತು. ತೆಗೆಸಬೇಕಾಯಿತು, ಭಯಕ್ಕಲ್ಲ. ಮೇಲಿನ ಜಾಗಕ್ಕೂ ಮಡುವಿಗೂ ನಡುವೆ ತೋಟದ ಕೆಲಸಗಾರರ ಒಂದು ಲೈನ್ ಮನೆಯ ಬಚ್ಚಲು ನೀರು ಸೇರುತ್ತದೆ, ದನ ತೊಳೆಯುವ ಜಾಗವೂ ಇದೆ. ಇವು ಭಾನುವಾರವೂ ಇದ್ದವು, ಆಗ ಮಡು 7.5 ಇತ್ತು, ಆದ್ದರಿಂದ ದೊಡ್ಡ ಪಾಲು ಅವುಗಳದ್ದಲ್ಲ ಎಂದು ವಾದಿಸಬಹುದು. ಆದರೆ ಹಗಲಿನ ಅಳತೆಯನ್ನು ಬೆಳಗಿನ ಜಾವದ ಅಳತೆಯ ಎದುರು ಇಟ್ಟಂತಾಯಿತು. ಪಲ್ಪರ್ ಓಡದ ದಿನದ ಮರುಬೆಳಿಗ್ಗೆ ಏಳಕ್ಕೂ ಒಂದು ಅಳತೆ ಬೇಕು, ಅದು ಇಲ್ಲದೆ ತೀರ್ಪು ಬರೆಯುವ ಹಾಗಿಲ್ಲ. ಕಾನೂನಿನ ಸಾಕ್ಷಿಯಂತೂ ಇದು ಅಲ್ಲವೇ ಅಲ್ಲ. 1974ರ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ಮಾದರಿ ತೆಗೆಯುವುದು ಮಂಡಳಿಯ ಅಧಿಕಾರ, ಅದಕ್ಕೆ ನೋಟಿಸು ಕೊಟ್ಟು ಎರಡು ಪಾಲು ಮಾಡಿ ಮೊಹರು ಹಾಕುವ ಕ್ರಮವೇ ಬೇರೆ.

ತೋಟದವರಿಗೆ ಅಂಕಿಗಳನ್ನು ತೋರಿಸಿದಾಗ ಅವರು ಗುಂಡಿಗೆ ಸುಣ್ಣ ಹಾಕಲು ಒಪ್ಪಿದರು. ಎಷ್ಟು ಎಂಬುದನ್ನು ಮಕ್ಕಳೇ ಹೇಳಬೇಕಾಯಿತು. ಒಂದು ಲೀಟರ್ ಗುಂಡಿ ನೀರಿಗೆ ಅರ್ಧರ್ಧ ಗ್ರಾಂ ಅರಳಿಸಿದ ಸುಣ್ಣದ ಪುಡಿಯನ್ನು ನೀರಲ್ಲಿ ಕದಡಿ ಹಾಕುತ್ತಾ ಪಿಎಚ್ ನೋಡಿದರು. 2 ಗ್ರಾಂಗೆ 6.8 ಬಂತು, 2,000 ಲೀಟರಿಗೆ 4 ಕಿಲೋ. ಒಣಪುಡಿ ಎರಚಿದರೆ ತಳಕ್ಕೆ ಗಡ್ಡೆ ಕಟ್ಟಿ ಕೂರುತ್ತದೆ, ಗಾಳಿಗೆ ಕಣ್ಣಿಗೂ ಬೀಳುತ್ತದೆ.

ಸುಣ್ಣ ಹಾಕಿ ಹತ್ತು ದಿನದ ಮೇಲೆ, ಮತ್ತೆ ಬುಧವಾರ ಬೆಳಿಗ್ಗೆ ಏಳಕ್ಕೆ, ಮಡುವಿನ ಪಿಎಚ್ 6.8. ಆಮ್ಲಜನಕ 4.6. ಹುಳಿ ಹೋಗಿದೆ, ಸಕ್ಕರೆ ಹೋಗಿಲ್ಲ. ಸುಣ್ಣ ಆಮ್ಲವನ್ನಷ್ಟೇ ಮುರಿಯುತ್ತದೆ, ಕರಗಿದ ಊಟವನ್ನು ತೆಗೆಯಲು ಗಾಳಿಯಿಲ್ಲದ ಹೊಂಡದಲ್ಲಿ ಕೊಳೆಸಿ ಆಮೇಲೆ ಗಾಳಿ ಊದುವ ಹೊಂಡ ಬೇಕು, ಇಲ್ಲವೇ ಪಲ್ಪರಿಗೆ ಅದೇ ನೀರನ್ನು ಮತ್ತೆ ತಿರುಗಿಸಿ ಹೊರಬೀಳುವುದನ್ನೇ ಇಳಿಸಬೇಕು. ಮುಂದಿನ ತಂಡಕ್ಕೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೂರು ಸಾಲು ಬಿಟ್ಟಿದ್ದಾರೆ: ನವೆಂಬರಿನಲ್ಲಿ ಪಲ್ಪರ್ ಶುರುವಾಗುವ ಮೊದಲೇ ಒಂದು ಸಲ ಹುಳ ಎಣಿಸುವುದು. ಸೋಮವಾರ ಬೆಳಿಗ್ಗೆ ಏಳಕ್ಕೆ ಮಡುವಿನ ನೀರು, ಭಾನುವಾರ ರಾತ್ರಿ ಪಲ್ಪರ್ ಓಡಿಲ್ಲವೆಂದು ರೈಟರ್ ಹತ್ತಿರ ಕೇಳಿಕೊಂಡು. ಹೈಪೋ ಹೊಸದು.